ನಾಗಲಿಂಗಮ್ಮ ಕುದುರೆಗೆ ಹೊಲಿದ ಕುಲಾವಿ

ನಮ್ಮಕ್ಕ ನಾಗಲಿಂಗಮ್ಮ ಹುಟ್ಟಿದಾಗಿನಿಂದ ಒಮ್ಮೆಯೂ ಕುದುರೆ ಹತ್ತಿದವಳಲ್ಲ. ಹತ್ತುವುದಿರಲಿ, ಕುದುರೆಯ ಹಿಂಗಾಲಿನ ಹತ್ತಿರ ನಿಲ್ಲಬಾರದು ಎಂಬುದು ಅವಳಿಗೆ ಗೊತ್ತಾದದ್ದೇ ನಲವತ್ತು ದಾಟಿದ ಮೇಲೆ. ಹೀಗಿದ್ದೂ, ಎರಡು ಸಾವಿರದ ಇಸವಿ ಕಳೆದ ನಂತರ, ಕುದುರೆ ಸಾಗಿಸುವವರು ಕೊಟ್ಟೂರಿಗೆ ಬಂದು ಅವಳ ಮನೆ ಯಾವುದೆಂದು ಕೇಳುತ್ತಿದ್ದರು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು, ತೋಟದ ಮನೆಯಲ್ಲಿ ಶೋಕಿಗೆ ಸಾಕಿದವರು, ಒಮ್ಮೆ ಯಾವುದೋ ಮಠದವರೂ ಬಂದಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಅವಳು ಹೊಲಿಯುವ ಕುಲಾವಿ. ಕೂಸಿನ ತಲೆಗೆ ಕಟ್ಟುತ್ತಾರಲ್ಲ, ಅದೇ ಕುಲಾವಿ, ಆದರೆ ಕುದುರೆಯ ಅಳತೆಯದು. ಕಿವಿ ಹೊರಗೆ ಬರಲು ಎರಡು ತೂತು, ನೆತ್ತಿಯ ಮೇಲೆ ಒತ್ತಾಗಿ ತುಂಬಿದ ಹತ್ತಿ, ಗದ್ದದ ಕೆಳಗೆ ಕಟ್ಟಲು ಲಾಡಿ. ಎತ್ತರದ ಕುದುರೆ ಲಾರಿಯಲ್ಲಿ ತಲೆ ಎತ್ತಿದಾಗ ಮೇಲಿನ ಕಬ್ಬಿಣ ಬಡಿಯದಿರಲಿ ಎಂಬುದಕ್ಕೆ ಅದು. ಮೊದಲ ಸಲ ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೆ, ಅಕ್ಕ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇದಕ್ಕೆಲ್ಲ ಮೂಲ ನಮ್ಮ ಮಾವ, ಅಂದರೆ ಅಕ್ಕನ ಗಂಡ ನಾಗಪ್ಪನವರ ಎತ್ತರ. ಕೊಟ್ಟೂರಿನ ಹಳೆಯ ಓಣಿಯಲ್ಲಿ ಹಿಂಡಿ, ಬೂಸಾದ ಅಂಗಡಿ ಇಟ್ಟುಕೊಂಡಿದ್ದ ಮಾವ ಆರಡಿಯ ಆಳು. ಅವರು ಬಾಳುವೆ ಮಾಡಬೇಕಾಗಿ ಬಂದದ್ದು ಮಾತ್ರ ಗಿಡ್ಡ ಬಾಗಿಲುಗಳ ಮನೆಯಲ್ಲಿ. ಮದುವೆಯಾಗಿ ಬಂದ ವಾರದಲ್ಲೇ ಅಕ್ಕ ಗಂಡನ ಹಣೆಯ ಮೇಲಿನ ಬುಗುಟು ನೋಡಿದಳು. ಕೇಳಿದರೆ, ಇದು ಅಡುಗೆಮನೆಯ ಬಾಗಿಲದ್ದು, ಇದು ಬಚ್ಚಲದ್ದು ಎಂದು ಮಾವ ಒಂದೊಂದೇ ತೋರಿಸಿದರಂತೆ. ಕೌದಿ ಹೊಲಿಯುವುದು ಅಕ್ಕನ ಕೈಗೆ ತವರಿನಿಂದ ಬಂದ ವಿದ್ಯೆ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಒಂದು ದಪ್ಪನೆಯ ಪಟ್ಟಿ ಹೊಲಿದು ಅಡುಗೆಮನೆ ಬಾಗಿಲಿನ ಮೇಲಿನ ಕಟ್ಟಿಗೆಗೆ ಸುತ್ತಿಬಿಟ್ಟಳು. ಆಮೇಲೆ ಬಚ್ಚಲಿಗೆ, ದೇವರ ಕೋಣೆಗೆ, ಕಡೆಗೆ ಅಂಗಡಿಯ ಬಾಗಿಲಿಗೂ ಸುತ್ತಿದಳು.

"ಏನ್ರಿ ನಾಗಪ್ಪಣ್ಣ, ಬಾಗಿಲಿಗಿ ಥಂಡಿ ಆಗೈತೇನು, ಕೌದಿ ಹೊದಿಸೀರಿ" ಎಂದು ಗಿರಾಕಿಗಳು ಚಾಷ್ಟಿ ಮಾಡುತ್ತಿದ್ದರು. ಮಾವ ನಗುತ್ತಿದ್ದರು. ಅವರಿಗೆ ಹೆಂಡತಿ ಏನು ಮಾಡಿದರೂ ಸರಿಯೇ. ಅದು ನನಗೆ ಸಿಟ್ಟು ಬರಿಸುವ ಗುಣ, ಯಾಕೆಂದರೆ ಅವಳನ್ನು ತಡೆಯುವ ಕೆಲಸ ಯಾವಾಗಲೂ ನನ್ನ ಪಾಲಿಗೆ ಬರುತ್ತಿತ್ತು. ನಾನು ಹಗರಿಬೊಮ್ಮನಹಳ್ಳಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಹೆಸರು ಪ್ರವೀಣಕುಮಾರ್ ಎಂದಿದ್ದರೂ ಅಕ್ಕನಿಗೆ ನಾನು ಬರೀ "ಲೇ ತಮ್ಮ."

ತೊಂಬತ್ನಾಲ್ಕರಲ್ಲಿ ಮಾವನಿಗೆ ಕಾಮಾಲೆ ಹಿಡಿಯಿತು. ಅವರಿವರು ಹೇಳಿದ ಬೇರು, ಸೊಪ್ಪು ಎಲ್ಲ ಮುಗಿದು, ಕಣ್ಣು ಅರಿಶಿನವಾಗಿ, ಊಟ ಸೇರದೆ, ಕಡೆಗೆ ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಮಂಚ ಸಾಲದೆ ಅವರ ಎರಡೂ ಪಾದ ಹೊರಗೆ ಚಾಚಿಕೊಂಡಿದ್ದವು. ಡಾಕ್ಟರು ಗಟ್ಟಿಯಾಗಿ ಏನನ್ನೂ ಹೇಳಲಿಲ್ಲ. ಡಾಕ್ಟರು ಹಾಗೆ ಸುಮ್ಮನಾದರೆ ಏನರ್ಥ ಎಂದು ದವಾಖಾನೆಯಲ್ಲಿ ಕೆಲಸ ಮಾಡುವ ನನಗೆ ಗೊತ್ತು. ಅಕ್ಕನಿಗೂ ಗೊತ್ತಾಯಿತು. ವರಾಂಡಕ್ಕೆ ಬಂದಳು, ಮೈಲಾರ ಯಾವ ದಿಕ್ಕಿಗಿದೆ ಎಂದು ನನ್ನನ್ನು ಕೇಳಿದಳು. ನಮ್ಮ ತವರು ಹಡಗಲಿ ಕಡೆಯದು, ಮೈಲಾರಲಿಂಗ ನಮ್ಮ ಮನೆದೇವರು. ನಾನು ಅಂದಾಜಿಗೆ ಒಂದು ಕಡೆ ಕೈ ತೋರಿಸಿದೆ. ಅಕ್ಕ ಸೆರಗು ಒಡ್ಡಿ ನಿಂತಳು.

"ಮೈಲಾರಪ್ಪ, ಇವರನ್ನ ಎಬ್ಬಿಸಿ ಮನಿಗಿ ಕಳಿಸು. ಇವರಷ್ಟ ಎತ್ತರದ, ಒಂದ ಗೀರಿಲ್ಲದ ಕುದುರಿ ತಂದು ನಿನ್ನ ಮುಂದ ಬಿಡ್ತೀನಿ. ಜೀವಂತ ಕುದುರಿ."

ನಮ್ಮ ಮನೆತನದಲ್ಲಿ ಆಳಿನ ಅಳತೆಯ ಹರಕೆ ಹೊಸದಲ್ಲ. ಮಗನಷ್ಟು ಎತ್ತರದ ದೀಪದ ಕಂಬ, ಮಗಳಷ್ಟು ಉದ್ದದ ಹೂವಿನ ಸರ, ಹೀಗೆಲ್ಲ ಹೊರುತ್ತಾರೆ. ಕುದುರೆಯೇ ಬೇಕೆಂದಿದ್ದರೆ ಮಣ್ಣಿನದೋ ಕಟ್ಟಿಗೆಯದೋ ಅನ್ನಬಹುದಿತ್ತು. ಮೈಲಾರಲಿಂಗನಿಗೆ ಕುದುರೆ ಎಂದರೆ ಪ್ರೀತಿ, ಅದೂ ನಿಜ. ಆದರೆ ಆರಡಿ ಆಳಿನ ಹೆಂಡತಿ ಈ ಹರಕೆ ಹೊರುವ ಮೊದಲು ಒಂದು ಕ್ಷಣ ಯೋಚಿಸಬೇಕಿತ್ತು. ಅಕ್ಕನಿಗೆ ಯೋಚನೆ ಬರುವುದು ಮಾತು ಹೊರಬಿದ್ದ ಮೇಲೆ.

ಮಾವ ಎದ್ದರು. ಮೆಲ್ಲಗೆ ಕಣ್ಣು ತಿಳಿಯಾಯಿತು, ಗಂಜಿ ಸೇರಿತು, ತಿಂಗಳೊಳಗೆ ಮತ್ತೆ ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಅಂದಿನಿಂದ ಅಕ್ಕನ ಹುಡುಕಾಟ ಶುರುವಾಯಿತು. ನಮ್ಮ ಸೀಮೆಯ ಕುದುರೆಗಳು ಗೊತ್ತಲ್ಲ, ತಟ್ಟುಗಳು, ಎದೆಗೆ ಬಂದರೆ ಹೆಚ್ಚು. ಕಿವಿಯ ತುದಿಯವರೆಗೆ ಅಳೆದರೆ ಆದೀತು, ದೇವರು ಒಪ್ಪಿಕೊಳ್ಳುತ್ತಾನೆ ಎಂದು ಹಿರಿಯರು ಹೇಳಿ ನೋಡಿದರು.

"ದೇವರು ಕುಂದ್ರೋದು ಕಿವಿ ಮ್ಯಾಲಲ್ಲ, ಬೆನ್ನ ಮ್ಯಾಲ. ಬೆನ್ನಿಗೇ ಅಳೀಬೇಕು" ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು.

ಹರಕೆಗೆ ಇನ್ನೊಂದು ಕಟ್ಟೂ ಇತ್ತು. ದೇವರಿಗೆ ಬಿಡುವ ಪ್ರಾಣಿಗೆ ಊನ ಇರಬಾರದು. ದಾರಿಯಲ್ಲಿ ಚರ್ಮ ಒಡೆದು ಒಂದು ಹನಿ ರಕ್ತ ಬಂದರೂ ಹರಕೆ ಸಲ್ಲುವುದಿಲ್ಲ, ಯಾರಿಗಾಗಿ ಹೊತ್ತದ್ದೋ ಅವರ ಮೇಲೆಯೇ ಅದು ತಿರುಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಇಂಥದ್ದನ್ನು ನಂಬುವವನಲ್ಲ. ಆದರೆ ಅಕ್ಕ ನಂಬಿದ್ದಳು. ಮಾವ ಒಂದು ಸಲ ಕೆಮ್ಮಿದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಸಣ್ಣ ಜ್ವರ ಬಂದರೆ "ಹರಕಿ ಬಾಕಿ ಐತಿ, ಅದಕ್ಕ" ಎಂದು ಮಂಚದ ಹತ್ತಿರವೇ ಕೂತುಬಿಡುತ್ತಿದ್ದಳು. ನಾಲ್ಕು ವರ್ಷ ಅವಳು ನೆಮ್ಮದಿಯಿಂದ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಆದ್ದರಿಂದ ಆ ಕುದುರೆ ಬೇಕಾದದ್ದು ದೇವರಿಗಿಂತ ಹೆಚ್ಚಾಗಿ ಅವಳಿಗೆ.

ಕಡೆಗೆ ಸಿಕ್ಕಿದ್ದು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ. ಅಲ್ಲಿಯ ಜಮೀನುದಾರರೊಬ್ಬರು ಸವಾರಿಯ ಹುಮ್ಮಸ್ಸಿಗೆ ರೇಸಿನಲ್ಲಿ ಓಡಿ ದಣಿದ ಒಂದು ಬಿಳಿ ಹೆಣ್ಣು ಕುದುರೆ ತಂದಿದ್ದರು. ಮೊದಲ ದಿನವೇ ಅದು ಅವರನ್ನು ಜೋಳದ ಹೊಲದಲ್ಲಿ ಕೆಡವಿತ್ತು. ಮೇವು ಹಾಕಿ ಹಾಕಿ ಸಾಕಾದ ಅವರು, ದೇವರಿಗಾದರೆ ಒಯ್ಯಿರಿ ಎಂದು ಕೊಟ್ಟುಬಿಟ್ಟರು. ಮಾವ ಅದರ ಪಕ್ಕ ನಿಂತರು. ಬೆನ್ನು ಅವರ ಹುಬ್ಬಿಗೆ ಬಂತು, ನಾಲ್ಕು ಬೆರಳು ಕಡಿಮೆ. ಅಕ್ಕ ಆ ಕಡೆಯಿಂದ ಈ ಕಡೆಯಿಂದ ನೋಡಿದಳು. "ದೇವರು ಬರೀ ಬೆನ್ನ ಮ್ಯಾಲ ಕುಂದ್ರತಾನೇನು, ಜೀನು ಹಾಕೋದಿಲ್ಲೇನು. ಜೀನು ಹಿಡಿದು ಅಳೀರಿ" ಎಂದಳು. ಹಿರಿಯರಿಗೆ ಕಿವಿ ಬಿಟ್ಟುಕೊಡದವಳು ತನಗೆ ಜೀನು ಬಿಟ್ಟುಕೊಂಡಳು. ಆ ಕುದುರೆಗೆ ಹಾಲವ್ವ ಎಂದು ಹೆಸರಿಟ್ಟವಳೂ ಅವಳೇ.

ಬಾಗಳಿಯಿಂದ ಮೈಲಾರಕ್ಕೆ ನಡೆಸಿಕೊಂಡು ಹೋಗೋಣವೆಂದರೆ ನಾನೇ ಬೇಡ ಎಂದೆ. ಹಾಲವ್ವನ ಮುಂಗಾಲಿನ ನರ ರೇಸಿನಲ್ಲೇ ಒಮ್ಮೆ ಊದಿಕೊಂಡಿತ್ತು. ಕಾದ ಡಾಂಬರಿನ ಮೇಲೆ ಅಷ್ಟು ದೂರ ನಡೆದರೆ ಕುಂಟು ಬೀಳುತ್ತಿತ್ತು, ಕುಂಟು ಬಿದ್ದರೆ ಊನ. ಹಾಗಾಗಿ ಲಾರಿಯೇ ಗತಿ. ಹಗರಿಬೊಮ್ಮನಹಳ್ಳಿಯ ಕರಿಸಿದ್ದಪ್ಪನನ್ನು ಕೇಳಿದೆ. ಎತ್ತು, ಹೋರಿ, ಶೇಂಗಾ ಹೊಟ್ಟು ಹೇರುವುದರಲ್ಲಿ ಅವನ ಕೈ ಪಳಗಿತ್ತು.

"ಸಾವಿರ ಎತ್ತು ಹೊತ್ತೀನಿ, ಒಂದು ಕುದುರಿ ಏನು ಮಹಾ" ಎಂದ ಕರಿಸಿದ್ದಪ್ಪ.

ಲಾರಿಯನ್ನು ಬಾಗಳಿಯ ಕೆರೆ ಏರಿಯ ಪಕ್ಕಕ್ಕೆ ಹಿಂದಕ್ಕೆ ಒತ್ತಿ ನಿಲ್ಲಿಸಿದ. ಏರಿಯೂ ಲಾರಿಯ ಹಲಗೆಯೂ ಒಂದೇ ಮಟ್ಟವಾದವು. ಎತ್ತು ಹತ್ತಿಸುವವರು ಹೀಗೇ ಮಾಡುತ್ತಾರೆ, ಅಲ್ಲಿಯವರೆಗೆ ಸರಿಯಾಗಿತ್ತು. ಹಾಲವ್ವ ಮೂಸಿ ನೋಡಿ, ನಿಧಾನ ಯೋಚಿಸಿ, ಹತ್ತಿದಳು. ಕರಿಸಿದ್ದಪ್ಪ ಹೋರಿಗೆ ಕಟ್ಟುವ ಹಾಗೆ ಅವಳ ತಲೆಯನ್ನು ಕೆಳಗೆಳೆದು ಮುಂದಿನ ಹಲಗೆಗೆ ಗಿಡ್ಡ ಹಗ್ಗದಲ್ಲಿ ಬಿಗಿದ. ಹೋರಿಯಾದರೆ ಕೊಂಬು ಆಡಿಸದಿರಲಿ ಎಂದು ಹಾಗೆ ಬಿಗಿಯುತ್ತಾರೆ. ಬೀಳದಿರಲಿ ಎಂದು ಎರಡು ಪಕ್ಕಕ್ಕೂ ಹುಲ್ಲಿನ ಹೊರೆ ಒತ್ತರಿಸಿದ. ಲಾರಿ ಹೊರಟು ಒಂದು ಫರ್ಲಾಂಗ್ ಹೋಗುವಷ್ಟರಲ್ಲಿ ಹಾಲವ್ವನ ಮೈಯೆಲ್ಲ ಬೆವರು, ಕಣ್ಣಿನ ಬಿಳಿ ಮೇಲೆ ಬಂದಿತ್ತು. ಹಗ್ಗ ಕಿತ್ತುಕೊಂಡು ತಲೆ ಎತ್ತಿದಳು, ಮೇಲಿನ ಕಬ್ಬಿಣದ ಸರಳಿಗೆ ನೆತ್ತಿ ಠಣ್ಣೆಂದು ಬಡಿಯಿತು. ಕರಿಸಿದ್ದಪ್ಪ ಲಾರಿ ನಿಲ್ಲಿಸಿದ. ಪುಣ್ಯಕ್ಕೆ ಬುಗುಟು ಎದ್ದಿತ್ತಷ್ಟೆ, ಚರ್ಮ ಒಡೆದಿರಲಿಲ್ಲ.

ಮಾವ ಆ ಬುಗುಟನ್ನು ಮುಟ್ಟಿ ನೋಡಿದರು. "ಇದು ಅಡಿಗಿಮನಿ ಬಾಗಿಲದ್ದು" ಎಂದರು.

ಅಕ್ಕ ನಗಲಿಲ್ಲ. ಲಾರಿಯನ್ನು ಮತ್ತೆ ಕೆರೆ ಏರಿಗೆ ತರಿಸಿ ಹಾಲವ್ವನನ್ನು ಇಳಿಸಿ, ಖಾಲಿ ಲಾರಿಯ ಹಿಂದೆ ತಾನೇ ಹತ್ತಿ ನಿಂತಳು. "ನಡಿಯಪ್ಪ, ನಾನು ಕುದುರಿ ಅಂತ ತಿಳ್ಕೊಂಡು ಹೊಡಿ" ಎಂದಳು. ಕರಿಸಿದ್ದಪ್ಪ ಹೊಡೆದ. ಹರಪನಹಳ್ಳಿ ದಾರಿಯಲ್ಲಿ ಹೋಗಿ ಬರುವಷ್ಟರಲ್ಲಿ ಅಕ್ಕ ಎರಡು ಸಲ ಬಿದ್ದು, ಮೊಣಕಾಲು ತರಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಕೆರೆಗೆ ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಕಾಲು ಅಗಲ ಇಟ್ರ ನಿಲ್ಲಾಕ ಬರ್ತೈತಿ, ಒತ್ತಿ ನಿಲ್ಲಿಸಿದ್ರ ಬೀಳ್ತೀವಿ. ತಲಿ ಆಡಿಸಾಕ ಬಿಟ್ರ ಮೈ ತೂಗಿಸ್ಕೊಬಹುದು. ಅದು ಹೋರಿ ಅಲ್ಲಪ್ಪ, ಆಕಿಗಿ ಕುತಿಗಿನೇ ತಕ್ಕಡಿ" ಎಂದಳು.

ಆಮೇಲೆ ಹದಿನೈದು ದಿನ ಲಾರಿಯ ತಯಾರಿ ನಡೆಯಿತು. ಕರಿಸಿದ್ದಪ್ಪನಿಗೆ ಮೊದಲು ಕೊಂಚ ಮುಖಭಂಗವಾದರೂ, ಅವನೂ ಹಟಕ್ಕೆ ಬಿದ್ದವನಂತೆ ಸೇರಿಕೊಂಡ. ಹಲಗೆಯ ಮೇಲೆ ಮರಳು, ಅದರ ಮೇಲೆ ಭತ್ತದ ಹೊಟ್ಟು ಹಾಸಿದ, ಗೊರಸು ಜಾರಬಾರದಲ್ಲ. ಮೇಲಿನ ಸರಳುಗಳಲ್ಲಿ ಬಿಚ್ಚಬಹುದಾದವನ್ನೆಲ್ಲ ಬಿಚ್ಚಿದ. ಒಂದು ಮಾತ್ರ ಉಳಿಯಿತು. ಅದನ್ನು ತೆಗೆದರೆ ಎರಡು ಪಕ್ಕದ ಹಲಗೆಗಳು ಅಗಲಿಸಿಕೊಂಡು ಬಿಡುತ್ತಿದ್ದವು. ಅಕ್ಕ ಆ ಸರಳಿಗೆ ಬಾಗಿಲಿಗೆ ಸುತ್ತಿದ ಹಾಗೆಯೇ ಕೌದಿ ಸುತ್ತಿದಳು, ಮೂರು ಪಟ್ಟು ದಪ್ಪ. ಪಕ್ಕದ ಹಲಗೆಗಳಿಗೂ ಹೊದಿಸಿದಳು. ಇಷ್ಟು ಸಾಲದೆ ನೆತ್ತಿಗೆ ಕುಲಾವಿ ಹೊಲಿದಳು. ಹಾಲವ್ವನಿಗೆ ಅದನ್ನು ಕಟ್ಟಿ ಅಭ್ಯಾಸ ಮಾಡಿಸಲು ದಿನಾ ಕೊಟ್ಟೂರಿನಿಂದ ಬಸ್ಸು ಹಿಡಿದು ಹೋಗುತ್ತಿದ್ದಳು. ಕುಲಾವಿ ಕಟ್ಟಿದ ಕೂಡಲೇ ಬೆಲ್ಲದ ಚೂರು ಕೊಟ್ಟು ಕೊಟ್ಟು, ಕಡೆಗೆ ಕುಲಾವಿ ಕಂಡರೆ ಹಾಲವ್ವನೇ ತಲೆ ತಗ್ಗಿಸುವಂತಾಯಿತು.

ಕರಿಸಿದ್ದಪ್ಪನ ಓಡಿಸುವಿಕೆಗೂ ಪರೀಕ್ಷೆ ಇತ್ತು. ಲಾರಿಯ ಹಿಂದೆ ತುಂಬಿದ ಕೊಡ ಇಟ್ಟು ಹರಪನಹಳ್ಳಿಗೆ ಹೋಗಿ ಬಾ ಎಂದಳು. ಮೊದಲ ದಿನ ಅರ್ಧ ಕೊಡ ನೀರು ಬಂತು. ಮೂರನೆಯ ದಿನಕ್ಕೆ ಕಂಠದವರೆಗೂ ಉಳಿಯಿತು.

"ನಮ್ಮಪ್ಪ ಲಾರಿ ಕಲಿಸಿದ, ಈ ಅಕ್ಕಾರು ಬ್ರೇಕ್ ಒತ್ತೋದ ಕಲಿಸಿದ್ರು" ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ.

ಹೊರಡುವ ದಿನ ಬೆಳಗಾಗುತ್ತಲೇ ಹಾಲವ್ವ ಕುಲಾವಿ ಕಟ್ಟಿಸಿಕೊಂಡು ಏರಿಯಿಂದ ಲಾರಿಗೆ ನಡೆದಳು. ಹಗ್ಗ ಸಡಿಲ, ಕಾಲಿಗೆ ಜಾಗ, ಎದುರಿಗೆ ಹಸಿ ಹುಲ್ಲು. ಮಾವ ಹಿಂದೆ ಅವಳ ಜೊತೆ ನಿಂತರು, ಕೈಯಲ್ಲಿ ಕವೆಗೋಲು. ಹೊಟ್ಟಿನ ಲಾರಿಗಳು ಹೋಗುವಾಗ ಮೇಲೆ ಕೂತ ಆಳು ಕವಲಿರುವ ಬಿದಿರಿನಿಂದ ಜೋತುಬಿದ್ದ ತಂತಿಯನ್ನೋ ಕೊಂಬೆಯನ್ನೋ ಎತ್ತಿ ಹಿಡಿಯುತ್ತಾನಲ್ಲ, ಹಾಗೆ. ಕುದುರೆಗೆ ಬಡಿಯುವುದು ಯಾವುದು, ಬಡಿಯದ್ದು ಯಾವುದು ಎಂದು ಹೇಳಲು ಮಾವನಿಗಿಂತ ತಕ್ಕವರು ಯಾರಿದ್ದರು? ಅಕ್ಕನೂ ಹಿಂದೆಯೇ ಹತ್ತಿದಳು. ನಾನು ಕ್ಯಾಬಿನ್ನಿನಲ್ಲಿ ಕೂತೆ. ಹೊರಡುವ ಮುನ್ನ ಅಕ್ಕ ಬಾನೆಟ್ಟಿಗೆ ಭಂಡಾರದ ಅರಿಶಿನ ಹಚ್ಚಿ, ಮುಂದೆ ಒಂದು ಹಳದಿ ನಿಶಾನೆ ಕಟ್ಟಿದಳು.

"ದೇವರ ಕುದುರಿ ಅಂತ ಗೊತ್ತಾದ್ರ ಯಾರೂ ಅಡ್ಡ ಬರಾಂಗಿಲ್ಲ" ಎಂದಳು.

ನನಗೂ ಅದು ಸರಿ ಕಂಡಿತು. ನಮ್ಮ ಸೀಮೆಯಲ್ಲೇ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ, ಆ ನಿಶಾನೆ ಕಂಡರೆ ಜನ ದಾರಿ ಬಿಡುವುದಿಲ್ಲ, ದಾರಿಗೇ ಬರುತ್ತಾರೆ ಎಂದು ಹೊಳೆಯಲಿಲ್ಲ ನೋಡಿ.

ಹರಪನಹಳ್ಳಿ ಸುಖವಾಗಿ ದಾಟಿದೆವು. ಹಾಲವ್ವ ಹುಲ್ಲು ಮೆಲ್ಲುತ್ತ ನಿಂತಿದ್ದಳು. ಹಡಗಲಿ ಸೀಮೆ ಹೊಕ್ಕ ಮೇಲೆ ಮೊದಲ ಊರಿನಲ್ಲೇ ಲಾರಿಯ ಸುತ್ತ ಜನ ಕೂಡಿದರು. ಅಲ್ಲಿ ಮೈಲಾರಲಿಂಗನೆಂದರೆ ಮನೆಯ ಯಜಮಾನನಿದ್ದಂತೆ. ಅವನ ಕುದುರೆ, ಅದೂ ಅಷ್ಟೆತ್ತರದ ಬಿಳಿ ಕುದುರೆ, ತಲೆಗೆ ಕುಲಾವಿ ಬೇರೆ. ಕೈ ಮುಗಿದರು, ಕಾಯಿ ಒಡೆದರು. ಅಲ್ಲಿಯವರೆಗೆ ಏನೂ ತೊಂದರೆ ಆಗಲಿಲ್ಲ. ಆಗ ಒಬ್ಬ ಹೆಣ್ಣುಮಗಳು ಬಗಲಲ್ಲಿ ಬಡಕಲು ಕೂಸು ಎತ್ತಿಕೊಂಡು ಹಲಗೆಯ ಹತ್ತಿರ ಬಂದಳು.

"ಯವ್ವಾ, ಮೂರು ತಿಂಗಳಾತು, ಇದಕ್ಕ ಜ್ವರಾನೇ ಬಿಟ್ಟಿಲ್ಲ. ದೇವರ ಕುದುರಿ ಮುಟ್ಟಿದ ಅರಿವಿ ಒಂದು ಚೂರು ಕೊಡ್ರಿ, ರಟ್ಟಿಗಿ ಕಟ್ಟತೀನಿ" ಎಂದಳು.

ಅಕ್ಕನಿಗೆ ದಾವಣಗೆರೆಯ ವರಾಂಡ ನೆನಪಾಗಿರಬೇಕು. ಕೌದಿ ಹೊಲಿಯುವವಳ ಸೊಂಟದಲ್ಲಿ ಕತ್ತರಿ ಯಾವಾಗಲೂ ಇರುತ್ತಿತ್ತು. ಸರಳಿಗೆ ಸುತ್ತಿದ ಕೌದಿಯ ತುದಿಯಿಂದ ಒಂದು ಚೂರು ಕತ್ತರಿಸಿ ಕೊಟ್ಟಳು. ಒಬ್ಬಳಿಗೆ ಕೊಟ್ಟ ಮೇಲೆ ಇನ್ನೊಬ್ಬಳಿಗೆ ಇಲ್ಲ ಎನ್ನುವುದು ಹೇಗೆ? ಮಕ್ಕಳಾಗದವಳು, ಗಂಡ ಮನೆಬಿಟ್ಟು ಹೋದವಳು, ಹಾಲು ಹಿಂಡಗೊಡದ ಎಮ್ಮೆಯವಳು, ಎಲ್ಲರೂ ಕೈ ಚಾಚಿದರು. ಮುಂದಿನ ಊರಿನಲ್ಲೂ ಅದೇ ಆಯಿತು. ಯಾರು ಸುದ್ದಿ ಮುಟ್ಟಿಸಿದರೋ, ನಾವು ಹೋಗುವಷ್ಟರಲ್ಲಿ ರಸ್ತೆಯಲ್ಲಿ ಜನ ಕಾಯುತ್ತಿದ್ದರು. ನಾನು ಕ್ಯಾಬಿನ್ನಿನಿಂದ ಇಳಿದು ಹಿಂದೆ ಹೋಗಿ ನೋಡಿದಾಗ ಸರಳಿನ ಕೌದಿಯಲ್ಲಿ ಉಳಿದಿದ್ದದ್ದು ಒಂದಿಷ್ಟು ದಾರ. ಕಬ್ಬಿಣ ಬಿಸಿಲಿಗೆ ಮಿಂಚುತ್ತಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಅಕ್ಕ, ನಿನಗ ಬುದ್ಧಿ ಐತೇನು? ಹದಿನೈದು ದಿನ ಹೊಲಿದದ್ದನ್ನ ಹಂಚಿ ಮುಗಿಸಿಯಲ್ಲ. ಈಗ ಬಡಿದ್ರ ಏನು ಮಾಡ್ತಿ?"

ಅಕ್ಕ ಸರಳನ್ನು ನೋಡಿದಳು. ಆಗಷ್ಟೇ ಕಂಡವಳಂತೆ ನೋಡಿದಳು. ಅವಳ ಮುಖ ಬಿಳಿಚಿಕೊಂಡದ್ದು ನೋಡಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು.

"ಕುಲಾವಿ ಐತಿ, ನಾನಿದೀನಿ" ಎಂದರು ಮಾವ. "ನಿಮ್ಮಕ್ಕ ಬಿಸಿಲಾಗ ಬಾಡ್ಯಾಳ. ನೀ ಕರ್ಕೊಂಡು ಹೋಗಿ ಮುಂದ ಕುಂದ್ರಿಸು."

ನಿಶಾನೆ ಬಿಚ್ಚಿ ಒಳಗೆ ಎಸೆದೆ. ಕರಿಸಿದ್ದಪ್ಪನಿಗೆ ಎಲ್ಲೂ ನಿಲ್ಲಿಸಬೇಡ ಎಂದೆ. ಅಕ್ಕ ನನ್ನ ಪಕ್ಕ ಕೂತು, ಹಿಂದಿನ ಸಣ್ಣ ಕಿಟಕಿಯಿಂದ ಏನಾದರೂ ಕಾಣುತ್ತದೆಯೇ ಎಂದು ಕತ್ತು ಹೊರಳಿಸುತ್ತಲೇ ಇದ್ದಳು. ಕಾಣುತ್ತಿದ್ದದ್ದು ಹಾಲವ್ವನ ಮುಂಗಾಲು ಮಾತ್ರ.

ಆದರೆ ನಿಶಾನೆ ಇಲ್ಲದಿದ್ದರೂ ಕುದುರೆ ಕಾಣದೆ ಇರುತ್ತದೆಯೇ? ಮೈಲಾರ ಇನ್ನೊಂದಿಷ್ಟು ದೂರ ಇರುವಾಗ, ಒಂದು ತಿರುವಿನಲ್ಲಿ ಅರಳಿಕಟ್ಟೆಯ ಮೇಲೆ ಜನ ಕೂತಿದ್ದರು. ಲಾರಿ ನಿಧಾನವಾಯಿತು. "ಏಳುಕೋಟಿ ಏಳುಕೋಟಿಗೋ" ಎಂದು ಕೂಗು ಎದ್ದದ್ದೇ ತಡ, ಹತ್ತಾರು ಕೈಗಳು ಭಂಡಾರ ಎರಚಿದವು. ಅರಿಶಿನದ ಪುಡಿ ಮೋಡದ ಹಾಗೆ ಲಾರಿಯ ಹಿಂದೆ ಇಳಿಯಿತು. ಭಕ್ತಿಯಲ್ಲಿ ಅವರದ್ದೇನೂ ಕೊರತೆ ಇರಲಿಲ್ಲ, ಆದರೆ ಕುದುರೆಗೆ ಮೂಗಿದೆ, ಕಣ್ಣಿದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿರಲಿಲ್ಲ. ಹಾಲವ್ವ ಜೋರಾಗಿ ಸೀನಿದ್ದು ಕೇಳಿಸಿತು. ಗೊರಸು ಹಲಗೆಗೆ ಬಡಿದವು, ಲಾರಿ ಒಂದು ಪಕ್ಕಕ್ಕೆ ವಾಲಿತು, ಮೇಲೆ ಏನೋ ಧಡ್ ಎಂದಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು, ಅವಳ ಉಗುರು ನಟ್ಟಿದ್ದು ನನಗೆ ಆಮೇಲೆ ಗೊತ್ತಾಯಿತು.

"ಏನಾತ್ರಿ?" ಎಂದ ಕರಿಸಿದ್ದಪ್ಪ ಕಿಟಕಿಯಿಂದ ತಲೆ ಹಾಕಿ.

"ಏನಿಲ್ಲ" ಎಂದು ಮೇಲಿನಿಂದ ಮಾವನ ದನಿ ಬಂತು. "ಸೀನಿದಳು. ನಡಿ, ನಿಲ್ಲಿಸಬ್ಯಾಡ."

ಅಲ್ಲಿಂದ ಮೈಲಾರದವರೆಗೆ ಅಕ್ಕ ಹಿಂದಿನ ಕಿಟಕಿಗೆ ಮುಖ ಒತ್ತಿಕೊಂಡೇ ಕೂತಿದ್ದಳು. ನಂಬುವವನಲ್ಲ ಎಂದೆನಲ್ಲ, ಆ ದಾರಿಯಲ್ಲಿ ನಾನೂ ಅದೇ ಕಿಟಕಿಗೆ ಇಣುಕುತ್ತಿದ್ದೆ.

ಹೊಳೆಯ ದಂಡೆಯ ಹತ್ತಿರ ಒಂದು ದಿಬ್ಬಕ್ಕೆ ಲಾರಿ ಒತ್ತಿ ನಿಲ್ಲಿಸಿದ ಕರಿಸಿದ್ದಪ್ಪ. ಅಲ್ಲಿ ಗಾದೆಪ್ಪ ಎಂಬ ಹಿರಿಯ ಗೊರವಯ್ಯ ನಮ್ಮ ದಾರಿ ಕಾಯುತ್ತಿದ್ದ. ಕುದುರೆಯನ್ನು ಒಪ್ಪಿಸಿಕೊಂಡು ಮುಂದೆ ಸಾಕುವವನು ಅವನೇ. ಹಾಲವ್ವ ಒಂದೊಂದೇ ಹೆಜ್ಜೆ ಇಟ್ಟು ದಿಬ್ಬಕ್ಕೆ ಇಳಿದಳು. ಮೈಯೆಲ್ಲ ಹಳದಿ. ಆ ಹಳದಿಯ ಮೇಲೆ, ಬಲಗಣ್ಣಿನ ಕೆಳಗಿನಿಂದ ದವಡೆಯವರೆಗೆ, ರಕ್ತ ಇಳಿದು ಒಣಗಿತ್ತು.

ಅಕ್ಕ ನಿಂತಲ್ಲೇ ಕುಸಿದು ಕೂತಳು. ಗಾದೆಪ್ಪನ ಮುಖವೂ ಗಂಭೀರವಾಯಿತು. ನಾನು ಚೀಲದಿಂದ ಹತ್ತಿ ತೆಗೆದೆ, ಗಾದೆಪ್ಪ ತಂಬಿಗೆಯಲ್ಲಿ ಹೊಳೆಯ ನೀರು ತಂದ. ನೀರು ಹಾಕಿ ಹಾಕಿ ಒರೆಸಿದೆ. ಅರಿಶಿನ ಹೋಯಿತು, ರಕ್ತ ಹೋಯಿತು, ಬಿಳಿ ಕೂದಲು ಬಂತು. ಬೆರಳಿಂದ ಕೂದಲು ಬಿಡಿಸಿ ಬಿಡಿಸಿ ನೋಡಿದೆ. ಕಣ್ಣಿನ ಸುತ್ತ ನೋಡಿದೆ, ಹಣೆ ನೋಡಿದೆ, ಕುಲಾವಿ ಬಿಚ್ಚಿ ನೆತ್ತಿ ನೋಡಿದೆ, ಮೂಗಿನ ಹೊಳ್ಳೆಯೊಳಗೂ ಇಣುಕಿದೆ. ಚರ್ಮ ಎಲ್ಲೂ ಒಡೆದಿರಲಿಲ್ಲ.

"ಇಲ್ಲಕ್ಕ" ಎಂದೆ. "ಒಂದು ಗೀರೂ ಇಲ್ಲ. ಬಂದು ನೋಡು."

ಗಾದೆಪ್ಪನೂ ಸುತ್ತು ಹಾಕಿ ನಾಲ್ಕೂ ಕಾಲು ಮುಟ್ಟಿ ನೋಡಿದ. "ಕುದುರಿಗಿ ಊನ ಇಲ್ಲವ್ವ. ನಿನ್ನ ಹರಕಿ ಸಂದೈತಿ" ಎಂದ. ಕರಿಸಿದ್ದಪ್ಪ ಲಾರಿಯ ಚಕ್ರಕ್ಕೆ ಒರಗಿ ಉಸಿರು ಬಿಟ್ಟದ್ದು ನಾವು ನಿಂತಲ್ಲಿಗೂ ಕೇಳಿಸಿತು. ಅಕ್ಕ ಎದ್ದಳು. ಹಾಲವ್ವನ ಒದ್ದೆ ಕೆನ್ನೆಗೆ ಕೆನ್ನೆ ಒತ್ತಿ ನಿಂತಳು, ನಕ್ಕಳು. ನಾಲ್ಕು ವರ್ಷದ ಮೇಲೆ ಅವಳು ಹಾಗೆ ನಕ್ಕದ್ದು. ನನ್ನ ಎದೆಯ ಮೇಲಿದ್ದ ಬಂಡೆ ಉರುಳಿ ಹೋದಂತಾಯಿತು, ಸುಳ್ಳು ಯಾಕೆ ಹೇಳಲಿ.

ನಗುತ್ತ ನಗುತ್ತಲೇ, ಹಾಲವ್ವನ ಕುತ್ತಿಗೆ ಸವರುತ್ತಿದ್ದ ಅವಳ ಕೈ ನಿಂತಿತು.

"ಹಂಗಾರ ಈ ರಕ್ತ ಯಾರದು?" ಎಂದಳು.

ಎಲ್ಲರೂ ತಿರುಗಿ ನೋಡಿದೆವು. ಮಾವ ಕುದುರೆಯ ಆ ಮಗ್ಗುಲಲ್ಲಿ ನಿಂತಿದ್ದರು, ನಡು ಮಧ್ಯಾಹ್ನದ ಬಿಸಿಲಲ್ಲಿ ಬಲಗೈಗೆ ಶಲ್ಯ ಸುತ್ತಿಕೊಂಡು. ಅಷ್ಟೆತ್ತರದ ಮನುಷ್ಯ ಬಚ್ಚಿಟ್ಟುಕೊಳ್ಳಬಹುದಾದಂಥ ಕುದುರೆ ನಮ್ಮ ಸೀಮೆಯಲ್ಲಿ ಅದೊಂದೇ ಇತ್ತು. ಅಕ್ಕ ಸುತ್ತಿ ಹೋಗಿ ಶಲ್ಯ ಬಿಚ್ಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು, ಊದಿಕೊಂಡು, ಶಲ್ಯವೆಲ್ಲ ತೊಯ್ದಿತ್ತು. ಭಂಡಾರ ಕಣ್ಣಿಗೆ ಬಿದ್ದು ಹಾಲವ್ವ ತಲೆ ಎತ್ತಿದಾಗ ಅವಳ ಕೆನ್ನೆಗೂ ಬರಿ ಕಬ್ಬಿಣಕ್ಕೂ ನಡುವೆ ಮಾವ ತೋಳು ಒಡ್ಡಿದ್ದರು. ಒಂದು ಸಲವಲ್ಲ, ಅವಳು ಸುಮ್ಮನಾಗುವವರೆಗೆ. ಬೆರಳು ಮಡಿಚಿ ತೋರಿಸಿ ಎಂದೆ. ಮಡಿಚಿದರು. ಮೂಳೆ ಮುರಿದಿರಲಿಲ್ಲ.

"ಕುದುರಿಗಿ ಗೀರು ಬಿದ್ದಿಲ್ಲಲ್ಲ, ಬಿಡು" ಎಂದರು ಮಾವ, ಏನೋ ದೊಡ್ಡ ಸಾಹಸ ಮಾಡಿದವರಂತೆ ನಗುತ್ತ. "ನಿನ್ನ ಹರಕಿ ಉಳೀತು."

"ಹರಕಿ ಅಂತ ಹರಕಿ" ಎಂದಳು ಅಕ್ಕ. "ಗೀರಿಲ್ಲದ್ದ ಕೊಡ್ತೀನಿ ಅಂದಿದ್ದು ಕುದುರಿ. ಗೀರಿಲ್ಲದಂಗ ಕೊಡಪ್ಪ ಅಂತ ಬೇಡಿಕೊಂಡಿದ್ದು ನಿಮ್ಮನ್ನ. ಇದಕ್ಕೇನು ಹೇಳ್ತೀರಿ ಈಗ?"

ಅಕ್ಕ ಆಗ ಅತ್ತಳು. ಆಸ್ಪತ್ರೆಯ ವರಾಂಡದಲ್ಲಿ ಅಳದವಳು, ನಾಲ್ಕು ವರ್ಷ ಅಳದವಳು, ಹೊಳೆಯ ದಂಡೆಯಲ್ಲಿ ಆ ತೋಳು ಹಿಡಿದುಕೊಂಡು ಬಾಯಿ ಬಿಟ್ಟು ಅತ್ತಳು. ಅಳುತ್ತಲೇ ಅವರನ್ನು ನೆರಳಿಗೆ ಎಳೆದು ಕೂರಿಸಿದಳು. ನಾನು ಔಷಧಿ ಹಚ್ಚಲು ಹೋದರೆ, ದನಕ್ಕೆ ಹಚ್ಚುವುದು ಇವರಿಗೆ ಬೇಡ ಎಂದು ನನ್ನ ಕೈ ತಳ್ಳಿ, ಹೊಳೆಯ ನೀರಿನಲ್ಲಿ ತಾನೇ ತೊಳೆಯತೊಡಗಿದಳು.

"ಅವ್ವಾ, ಬರ್ರಿ. ನಿಮ್ಮ ಕೈಯಾರ ಹಗ್ಗ ಕೊಡ್ರಿ, ಹರಕಿ ಮುಗಿಸೋಣ" ಎಂದು ಗಾದೆಪ್ಪ ಕರೆದ.

"ತಮ್ಮ, ನೀನೇ ಕೊಟ್ಟುಬಿಡು" ಎಂದಳು ಅಕ್ಕ, ತಿರುಗಿಯೂ ನೋಡದೆ.

ನಾನು ಹಾಲವ್ವನ ಹಗ್ಗವನ್ನು ಗಾದೆಪ್ಪನ ಕೈಗೆ ಕೊಟ್ಟೆ. ನಾಲ್ಕು ವರ್ಷ ಅಕ್ಕ ಕಾದ ಗಳಿಗೆ ಅದು. ಆಗ ಅವಳು ನಮಗೆ ಬೆನ್ನು ಮಾಡಿ ಕೂತು, ತನ್ನ ಸೀರೆಯ ಸೆರಗು ಹರಿದು ಮಾವನ ಕೈಗೆ ಸುತ್ತುತ್ತಿದ್ದಳು.